ಕಪಿಲನ ಮೊದಲ ಏಕಾದಶಿ

ಡಬ್ಬಿಯ ಮುಚ್ಚಳ ತೆಗೆದ ಕಪಿಲ ಹಾಗೇ ಕೂತುಬಿಟ್ಟ. ತೆರೆದ ಬಾಯಿ ತೆರೆದೇ ಇತ್ತು.

ಪಕ್ಕದಲ್ಲಿದ್ದ ಉಜ್ಮಾ ಬಗ್ಗಿ ನೋಡಿದಳು. "ಅಯ್ಯ, ಇದೇನೋ ಇದು?"

ಡಬ್ಬಿಯಲ್ಲಿ ಚಪಾತಿ ಇರಲಿಲ್ಲ, ಪಲ್ಯವೂ ಇರಲಿಲ್ಲ. ಚಪಾತಿ ಮಾಡಲೆಂದು ನಾದಿಟ್ಟ ಹಸಿ ಕಣಕ ಇತ್ತು! ದುಂಡಗೆ, ಮೆತ್ತಗೆ, ಮೇಲೆ ಸ್ವಲ್ಪ ಎಣ್ಣೆ ಸವರಿಸಿಕೊಂಡು ಕೂತಿತ್ತು. ಅದರ ಮೇಲೆ ಅಮ್ಮನ ಬೆರಳುಗಳ ಗುರುತು ಬೇರೆ.

"ಲಟ್ಟಣಗಿ ಎಲ್ಲೈತಿ? ಬ್ಯಾಗ್‌ನ್ಯಾಗ ಹುಡುಕಲೇ ಕಪಿಲಾ!" ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು.

ಇಡೀ ಐದನೇ ಕ್ಲಾಸು ಬಿದ್ದುಬಿದ್ದು ನಕ್ಕಿತು. ಒಬ್ಬ ಕಣಕವನ್ನು ಬೆರಳಿನಿಂದ ಒತ್ತಿ ನೋಡಿದ. ಇನ್ನೊಬ್ಬಳು ಚೂರು ಕಿತ್ತು ಗುಬ್ಬಿ ಮಾಡಿ ಬೆಂಚಿನ ಮೇಲೆ ಕೂರಿಸಿದಳು. ಕಪಿಲನ ಕಿವಿ ಬಿಸಿಯಾದವು. ಹೊಟ್ಟೆ ಮಾತ್ರ ಯಾವ ಅವಮಾನವನ್ನೂ ಲೆಕ್ಕಿಸದೆ ಗುರ್ ಎಂದಿತು.

ಉಜ್ಮಾ ತನ್ನ ಡಬ್ಬಿಯಲ್ಲಿದ್ದ ಶಾವಿಗೆ ಉಪ್ಪಿಟ್ಟಿನಲ್ಲಿ ಅರ್ಧ ತೆಗೆದು ಮುಚ್ಚಳದ ಮೇಲೆ ಹಾಕಿ ಅವನ ಮುಂದೆ ಸರಿಸಿದಳು. "ತಿನ್ನು. ಮಾರಿ ಸಣ್ಣದು ಮಾಡಬ್ಯಾಡ. ನಿಮ್ಮಮ್ಮ ಗಡಿಬಿಡ್ಯಾಗ ಡಬ್ಬಿ ಅದಲ ಬದಲ ಮಾಡ್ಯಾಳ, ಅಷ್ಟ."

ಕಪಿಲ ತಿಂದ. ಆದರೆ ಸಿಟ್ಟು ಇಳಿಯಲಿಲ್ಲ. ಸಾಲಿಯಿಂದ ಮನೆಯವರೆಗೂ ಅಮ್ಮನಿಗೆ ಏನೇನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಲೇ ಬಂದ. ಮಾತು ಉದ್ದವಾಗಿತ್ತು, ಖಾರವಾಗಿಯೂ ಇತ್ತು.

ಕಪಿಲನ ಮನೆ ಧಾರವಾಡದಲ್ಲಿ. ಅಮ್ಮ ಪರಿಮಳಾ ಕೆಲಸ ಮಾಡುವ ಬ್ಯಾಂಕು ಹುಬ್ಬಳ್ಳಿಯಲ್ಲಿ. ಬೆಳಿಗ್ಗೆ ಓಡಿಹೋಗಿ ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ಸು ಹತ್ತಿದಳೆಂದರೆ ಮನೆಗೆ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು ದಾಟಿರುತ್ತಿತ್ತು. ಅಪ್ಪ ವಿಜಯೀಂದ್ರ ಇದೇ ಊರಿನ ಕಾಲೇಜೊಂದರಲ್ಲಿ ಲೈಬ್ರರಿ ನೋಡಿಕೊಳ್ಳುತ್ತಿದ್ದ. ಮನೆಯಲ್ಲಿ ಅಜ್ಜಿ ಅಂಬಾಬಾಯಿ. ಅಜ್ಜಿಗೆ ದೇವರ ಪೂಜೆ, ಮಡಿ, ತಿಥಿ, ನಕ್ಷತ್ರ ಎಲ್ಲವೂ ಬಾಯಿಪಾಠ.

ಈ ಮನೆಯಲ್ಲಿ ಅಮ್ಮನನ್ನು ಕಂಡವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು. ಅಜ್ಜಿ ಬೆಳಿಗ್ಗೆ ಹೂವಿನ ಬುಟ್ಟಿ ಹಿಡಿದು ಕೇಳುತ್ತಿದ್ದಳು. ಅಪ್ಪ ಸಂಜೆ ಲೈಬ್ರರಿಯಿಂದ ಫೋನ್ ಮಾಡಿ ಕೇಳುತ್ತಿದ್ದ. ಕಪಿಲನಂತೂ ಅಮ್ಮನ ಚಪ್ಪಲಿಯ ಸಪ್ಪಳ ಕೇಳಿದೊಡನೆ ಇದ್ದಲ್ಲಿಂದಲೇ ಕೂಗುತ್ತಿದ್ದ.

"ಅಮ್ಮಾ, ಇವತ್ತೇನ ಅಡಿಗಿ?"

ಟೈಮ್ ಎಷ್ಟಾಯಿತು ಎಂದು ಕೇಳಿದಷ್ಟೇ ಸಹಜವಾಗಿತ್ತು ಅದು.

ಆ ದಿನ ಮಾತ್ರ ಅವನು ಕೂಗಲಿಲ್ಲ. ಡಬ್ಬಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ. ಅಮ್ಮ ಒಳಗೆ ಕಾಲಿಡುತ್ತಲೇ ಮುಚ್ಚಳ ತೆಗೆದು ಮೂಗಿನ ಮುಂದೆ ಹಿಡಿದ.

"ನೋಡು! ಏನ್ ಕಳಿಸಿದ್ದಿ ನೋಡು!"

ಅಮ್ಮ ನೋಡಿದಳು. ಅವಳಿಗೆ ಅರ್ಥವಾಗಲಿಲ್ಲ. ಹೆಗಲಿನ ಪರ್ಸನ್ನೂ ತೆಗೆಯದೆ ಅಡುಗೆಮನೆಗೆ ಹೋಗಿ ಫ್ರಿಜ್ ತೆರೆದಳು. ಅಲ್ಲಿ, ರಾತ್ರಿಗೆಂದು ಕಣಕ ಇಡುವ ಜಾಗದಲ್ಲಿ, ನೋಡಲು ಅಂಥದೇ ಆದ ಕಪಿಲನ ಊಟದ ಡಬ್ಬಿ ಇತ್ತು. ಅದರೊಳಗೆ ಮಡಚಿಟ್ಟ ಚಪಾತಿ, ಬದನೆಕಾಯಿ ಪಲ್ಯ, ಎಲ್ಲ ತಣ್ಣಗೆ ಕೊರೆಯುತ್ತಿದ್ದವು.

"ನಾನ ಇಟ್ಟೇನಿ" ಎಂದಳು ಅಮ್ಮ, ಬೇರೆ ಯಾರದೋ ಕೆಲಸ ನೋಡಿದವಳ ಹಾಗೆ. "ನನಗ ನೆನಪ ಇಲ್ಲಲ್ಲೋ."

ಕಪಿಲ ತನ್ನ ಉದ್ದನೆಯ ಮಾತು ಶುರು ಮಾಡಲು ಬಾಯಿ ತೆರೆದ. ಅಷ್ಟರಲ್ಲಿ ಅಮ್ಮ ಗಕ್ಕನೆ ತಿರುಗಿದಳು.

"ಹಂಗಾದ್ರ ಮಧ್ಯಾಹ್ನ ನೀ ಏನ ತಿಂದಿ?"

"ಉಜ್ಮಾ ಕೊಟ್ಲು. ಉಪ್ಪಿಟ್ಟು."

ಅಮ್ಮ ಅಲ್ಲೇ ನೆಲದ ಮೇಲೆ ಕೂತಳು. ಪರ್ಸು ಇನ್ನೂ ಹೆಗಲಲ್ಲೇ ಇತ್ತು. ಮಡಿಲಲ್ಲಿ ಆ ಕಣಕದ ಡಬ್ಬಿ. ನೋಡನೋಡುತ್ತಿದ್ದಂತೆ ಅವಳ ಕಣ್ಣು ತುಂಬಿ ಎರಡು ಹನಿ ಹಿಟ್ಟಿನ ಮೇಲೆ ಬಿದ್ದವು.

ಕಪಿಲ ಗಾಬರಿಯಾದ. ಅವನ ಅಮ್ಮ ಅಳುವವಳಲ್ಲ. ಬಾಗಿಲಿಗೆ ಬೆರಳು ಸಿಕ್ಕು ಉಗುರು ಕಪ್ಪಾದಾಗಲೂ ಅತ್ತಿರಲಿಲ್ಲ. ಈಗ ಒಂದು ಮುದ್ದೆ ಹಿಟ್ಟಿಗಾಗಿ ಅಳುತ್ತಿದ್ದಾಳಲ್ಲ! ಜೋಡಿಸಿಟ್ಟ ಖಾರದ ಮಾತುಗಳಲ್ಲಿ ಒಂದೂ ಅವನ ಬಾಯಿಗೆ ಬರಲಿಲ್ಲ.

ಹೊರಗಿನಿಂದ ಅಪ್ಪನ ದನಿ ಕೇಳಿತು. "ಪರಿಮಳಾ, ಬಂದ್ಯೇನು? ರಾತ್ರಿಗೆ ಏನ ಅಡಿಗಿ?"

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. "ಚಪಾತಿ ಮಾಡ್ತೀನ್ರಿ" ಎಂದು ಕೂಗಿ ಹೇಳಿದಳು. ಹಳೆಯ ಕಣಕ ಹುಳಿ ಬಂದಿತ್ತು. ಹೊಸ ಹಿಟ್ಟಿಗೆ ನೀರು ಹಾಕಿ ನಾದತೊಡಗಿದಳು.

ಊಟವಾದ ಮೇಲೂ ಕಪಿಲನಿಗೆ ಸಮಾಧಾನವಿರಲಿಲ್ಲ. ಅಮ್ಮನಿಗೆ ಏನಾದರೂ ಮಾಡಬೇಕು ಅನಿಸುತ್ತಿತ್ತು. ಏನು ಮಾಡಬೇಕೆಂಬುದು ಮಾತ್ರ ಹೊಳೆಯಲಿಲ್ಲ. ಅಜ್ಜಿ ಕ್ಯಾಲೆಂಡರಿನ ಮುಂದೆ ಕನ್ನಡಕ ಏರಿಸಿಕೊಂಡು ನಿಂತಿದ್ದಳು.

"ಗುರುವಾರ ಏಕಾದಶಿ ಬಂತು" ಎಂದಳು ತನ್ನಷ್ಟಕ್ಕೆ. "ಈಗಿನವರಿಗೆ ಏಕಾದಶಿ ಇಲ್ಲ, ಏನಿಲ್ಲ. ಮನ್ಯಾಗ ನಾ ಒಬ್ಬಾಕಿನ ಉಪವಾಸ. ನಮ್ಮ ಕಾಲದಾಗ ಹಂಗಿರಲಿಲ್ಲಪಾ. ಮನಿಮಂದಿ ಎಲ್ಲಾ ಉಪವಾಸ. ಆ ದಿನ ಒಲಿನ ಹಚ್ತಿದ್ದಿಲ್ಲ. ಒಲಿ ಸಾರಿಸಿ, ಅದರ ಮ್ಯಾಲೆ ರಂಗೋಲಿ ಹಾಕಿ ಬಿಟ್ಟುಬಿಡ್ತಿದ್ವಿ."

ಕಪಿಲನ ಕಿವಿ ನೆಟ್ಟಗಾದವು. "ಒಲಿ ಹಚ್ತಿದ್ದಿಲ್ಲಾ? ಇಡೀ ದಿನಾ?"

"ಇಡೀ ದಿನ."

"ಹಂಗಾದ್ರ ಅಡಿಗಿ ಮಾಡೋರಿಗೆ ರಜಾ?"

"ರಜಾ ಅನ್ನು, ಏನರ ಅನ್ನು."

ಸಿಕ್ಕಿತು! ಕಪಿಲ ಜಿಗಿದು ಎದ್ದ. ಸಾಲಿಗೆ ಭಾನುವಾರ ರಜೆ, ಬ್ಯಾಂಕಿಗೂ ರಜೆ. ಅಡುಗೆಮನೆಗೆ ಮಾತ್ರ ರಜೆಯೇ ಇಲ್ಲ ಎಂದುಕೊಂಡಿದ್ದನಲ್ಲ, ಅದಕ್ಕೂ ಒಂದು ರಜೆ ಇದೆ. ಅದು ಅಜ್ಜಿಯ ಕ್ಯಾಲೆಂಡರಿನಲ್ಲೇ ಇದೆ. ಮನೆಯವರೆಲ್ಲ ಉಪವಾಸ ಇದ್ದರೆ ಸಾಕು!

"ಅಜ್ಜೀ, ಈ ಸಲ ನಾನೂ ಏಕಾದಶಿ ಮಾಡ್ತೀನಿ. ಅಪ್ಪಾನೂ ಮಾಡ್ಬೇಕು, ಅಮ್ಮಾನೂ ಮಾಡ್ಬೇಕು. ಯಾರೂ ಉಣ್ಣಂಗಿಲ್ಲ."

ಪೇಪರ್ ಓದುತ್ತಿದ್ದ ಅಪ್ಪ "ನಾನ್ಯಾಕೋ?" ಎಂದು ತಲೆ ಎತ್ತಿದ. ಅಜ್ಜಿಗೆ ಅದು ಕೇಳಲೇ ಇಲ್ಲ. ಅವಳು ಮೊಮ್ಮಗನ ಎರಡೂ ಗಲ್ಲ ಹಿಡಿದು ಲಟಿಕೆ ಮುರಿದಳು. "ನನ್ನ ಕೂಸಽ! ಮುಂಜಿವಿ ಆಗೂಕಿಂತ ಮೊದ್ಲನ ಏಕಾದಶಿ ಮಾಡ್ತಾನಂತ! ನೋಡು ವಿಜಯೀಂದ್ರಾ, ನಿನಗಿಂತ ನಿನ್ನ ಮಗಾ ಶ್ಯಾಣ್ಯಾ."

ಕಪಿಲ ಅಡುಗೆಮನೆಗೆ ಓಡಿದ. ಅಮ್ಮ ಗ್ಯಾಸಿನ ಕಟ್ಟೆ ಒರೆಸುತ್ತಿದ್ದಳು. ಅವನು ಗುಟ್ಟು ಹೇಳುವವನಂತೆ ಕಿವಿಯ ಹತ್ತಿರ ಹೋಗಿ ಹೇಳಿದ. "ಗುರುವಾರ ನಿನಗ ರಜಾ. ಗ್ಯಾಸ್ ಹಚ್ಚೂದ ಇಲ್ಲ. ಎಲ್ಲಾ ಫಿಕ್ಸ್ ಮಾಡೀನಿ."

ಅಮ್ಮನ ಕೈ ನಿಂತಿತು. "ಹೌದೇನೋ ರಾಜಾ?" ಎಂದು ನಕ್ಕಳು. ಆ ನಗುವಿನಲ್ಲಿ ಇನ್ನೇನೋ ಇತ್ತು. ಆದರೆ ತನ್ನ ಜಾಣತನಕ್ಕೆ ತಾನೇ ಹಿಗ್ಗಿದ್ದ ಕಪಿಲ ಅದನ್ನು ಗಮನಿಸಲಿಲ್ಲ.

ಗುರುವಾರ ಬಂತು. ಕುಕ್ಕರಿನ ಸೀಟಿ ಇಲ್ಲದ ಬೆಳಗು! ಮನೆಯೇ ಬೇರೆ ಯಾರದೋ ಮನೆಯಂತಿತ್ತು. ಅಮ್ಮ ಹೊರಗಿನ ಮೆಟ್ಟಿಲ ಮೇಲೆ ಕೂತು ಒಂದು ಲೋಟ ಹಾಲು ಕುಡಿದಳು. ತಲೆಗೂದಲನ್ನು ನಿಧಾನಕ್ಕೆ ಬಿಡಿಸಿ ಬಾಚಿಕೊಂಡಳು. ಬಸ್ಸಿಗೆ ಓಡದೆ ನಡೆದುಕೊಂಡು ಹೋದಳು. ಹಾಲು ಕಾಯಿಸಲು ಗ್ಯಾಸು ಹಚ್ಚಿದ್ದನ್ನು ಕಪಿಲ ಲೆಕ್ಕಕ್ಕೆ ಹಿಡಿಯಲಿಲ್ಲ.

ಸಾಲಿಯಲ್ಲಿ ಉಜ್ಮಾ ಕೇಳಿದಳು. "ಡಬ್ಬಿ ತಗಿ, ಇವತ್ತೇನು ಕಳಿಸ್ಯಾರ ನೋಡೂಣು."

"ಇವತ್ತ ನಂದು ರೋಜಾ ಇದ್ದಂಗ" ಎಂದ ಕಪಿಲ ಗತ್ತಿನಿಂದ.

ಮೂರು ಗಂಟೆಯ ಹೊತ್ತಿಗೆ ಆ ಗತ್ತು ಇಳಿಯಿತು. ಮನೆಗೆ ಬಂದು ಅಜ್ಜಿ ಕೊಟ್ಟ ಬಾಳೆಹಣ್ಣು ನುಂಗಿದ. ಮತ್ತೊಂದು ನುಂಗಿದ. ಕತ್ತಲಾಗುವಷ್ಟರಲ್ಲಿ ಗೋಡೆಗೆ ಒರಗಿ ಕೂತುಬಿಟ್ಟ. ಅಪ್ಪ ಸಹ ಲೈಬ್ರರಿಯಿಂದ ಬಂದವನೇ ಅಡುಗೆಮನೆಗೆ ಎರಡು ಸಲ ಹೋಗಿ ಬರಿಗೈಯಲ್ಲಿ ಬಂದ.

ಅಮ್ಮ ಬಂದಾಗ ಅಜ್ಜಿ ಹೇಳಿದಳು. "ಪರಿಮಳಾ, ಕೂಸು ಬಾಡಿ ಹೋಗ್ಯದ. ಸಣ್ಣವರಿಗೆ ಫಳಾರ ನಡೀತದ. ಒಂದೀಟು ಸಾಬೂದಾಣಿ ಖಿಚಡಿ ಮಾಡು. ಬಟಾಟಿ ಪಲ್ಯಾನೂ ಮಾಡಿಬಿಡು, ವಿಜಯೀಂದ್ರಗೂ ಆಗ್ತದ."

"ಅಜ್ಜೀ, ಇವತ್ತ ಅಡಿಗಿ ಇಲ್ಲ ಅಂದಿದ್ದಿ!" ಎಂದ ಕಪಿಲ, ನಿಶ್ಶಕ್ತ ದನಿಯಲ್ಲಿ.

"ಇದೆಲ್ಲಿ ಅಡಿಗಿ? ಇದು ಫಳಾರ" ಎಂದಳು ಅಜ್ಜಿ.

ಅಮ್ಮ ಪರ್ಸು ತೆಗೆದಿಟ್ಟು ಗ್ಯಾಸು ಹಚ್ಚಿದಳು. ಬಟಾಟೆ ಕುದಿಸಿದಳು, ಶೇಂಗಾ ಹುರಿದಳು, ಪುಡಿ ಮಾಡಿದಳು. ಅಡುಗೆಯಲ್ಲದ ಆ ಅಡುಗೆಯ ವಾಸನೆ ಮನೆಯೆಲ್ಲ ತುಂಬಿತು. ಕಪಿಲನಿಗೆ ಸ್ವಲ್ಪ ಕಸಿವಿಸಿಯಾಯಿತು. ಆದರೆ ಹಸಿವೆ ಅದಕ್ಕಿಂತ ದೊಡ್ಡದಾಗಿತ್ತು. ಎರಡು ಪ್ಲೇಟು ತಿಂದ.

ತಿನ್ನುತ್ತಿದ್ದಾಗ ಅಜ್ಜಿಯ ಫೋನ್ ಮಾತು ಕೇಳುತ್ತಿತ್ತು. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ತನ್ನ ಕಿರಿಮಗ, ಕಪಿಲನ ಕಾಕಾನ ಜೊತೆ ಮಾತಾಡುತ್ತಿದ್ದಳು.

"ಹೂಂನಪಾ, ಖರೇನ! ನೀರ ಕುಡೀದಂಗ ಕೂತಾನ ಅಂತ ತಿಳಕೋ. ಮೊದಲನೇ ಏಕಾದಶಿ ಅವಂದು. ನಾಳೆ ದ್ವಾದಶಿ ಪಾರಣಿಗೆ ನೀವೆಲ್ಲಾರೂ ಇಲ್ಲೇ ಬರ್ರಿ. ಹುಡುಗ್ರನ್ನೂ ಕರಕೊಂಡು ಬಾ. ಏಳರೊಳಗ ಎಲಿ ಹಾಕಿಬಿಡ್ತೀವಿ."

ಪಾರಣಿ ಅಂದರೆ ಏಕಾದಶಿಯ ಮರುದಿನ ಬೆಳಿಗ್ಗೆ ಬೇಗ ಉಂಡು ಉಪವಾಸ ಬಿಡುವುದು. ಕಪಿಲನಿಗೆ ಅಷ್ಟು ಗೊತ್ತಿತ್ತು. ಕಾಕಾನ ಮಕ್ಕಳು ಬರುತ್ತಾರೆಂದು ಅವನಿಗೆ ಖುಷಿಯೋ ಖುಷಿ.

ಒಳಗೆ ಅಮ್ಮನ ಸೌಟಿನ ಸಪ್ಪಳ ನಿಂತಿತು. ಅಲ್ಲಿಂದಲೇ ಕೇಳಿದಳು. "ಏನೇನು ಮಾಡ್ಲಿರಿ ಅತ್ಯಾ?"

"ಭಾಳ ಏನ್ ಬ್ಯಾಡ. ಅಗಸಿ ಸೊಪ್ಪಿನ ಪಲ್ಯ ಆಗ್ಬೇಕು, ನೆಲ್ಲಿಕಾಯಿ ಗೊಜ್ಜು ಆಗ್ಬೇಕು. ಹೆಸರಬ್ಯಾಳಿ ಪಾಯಸ ಮಾಡು, ಕೂಸಿಗೆ ಸೇರ್ತದ. ಅನ್ನ, ಸಾರು ಹೆಂಗಿದ್ರೂ ಇದ್ದದ್ದ. ಎಲ್ಲಾ ಮಡೀಲೇ ಆಗ್ಲಿ ಮತ್ತ."

"ಆತ್ರಿ" ಎಂದಳು ಅಮ್ಮ.

ಕಪಿಲನಿಗೆ ಎಚ್ಚರವಾದಾಗ ಇನ್ನೂ ಬೆಳಕು ಹರಿದಿರಲಿಲ್ಲ. ನೀರಡಿಕೆಯಾಗಿತ್ತು. ಪಕ್ಕದಲ್ಲಿ ಅಪ್ಪ ಗೊರಕೆ ಹೊಡೆಯುತ್ತಿದ್ದ. ಅಡುಗೆಮನೆಯಲ್ಲಿ ಲೈಟು ಉರಿಯುತ್ತಿತ್ತು.

ಇಷ್ಟು ಹೊತ್ತಿಗೇ ಅಮ್ಮ ಎದ್ದಿದ್ದಾಳೆಯೇ? ಪ್ರತಿ ದ್ವಾದಶಿಯೂ ಅಜ್ಜಿಯ ಪಾರಣಿಗಾಗಿ ಅಮ್ಮ ಹೀಗೇ ಏಳುತ್ತಿದ್ದಳು. ಕಪಿಲ ಆಗೆಲ್ಲ ಹೊದ್ದುಕೊಂಡು ಮಲಗಿರುತ್ತಿದ್ದನಾದ್ದರಿಂದ ಅವನಿಗೆ ಅದು ತಿಳಿದಿರಲಿಲ್ಲ, ಅಷ್ಟೇ.

ಅವನು ಅಡುಗೆಮನೆಯ ಹೊಸ್ತಿಲವರೆಗೆ ಹೋಗಿ ನಿಂತ. ಒಳಗೆ ಹೋಗುವಂತಿರಲಿಲ್ಲ. ಅಮ್ಮ ತಣ್ಣೀರಲ್ಲಿ ಸ್ನಾನ ಮಾಡಿ, ಯಾರೂ ಮುಟ್ಟದ ಮಡಿ ಸೀರೆ ಉಟ್ಟು ಅಡುಗೆಗೆ ನಿಂತಿದ್ದರೆ ಸ್ನಾನ ಮಾಡದವರು ಒಳಗೆ ಕಾಲಿಡಬಾರದು, ಅವಳನ್ನು ಮುಟ್ಟಲೂಬಾರದು. ಮುಟ್ಟಿದರೆ ಮೈಲಿಗೆ. ಮಾಡಿದ ಅಡುಗೆಯೆಲ್ಲ ಲೆಕ್ಕಕ್ಕಿಲ್ಲ. ಅಂಬೆಗಾಲಿಡುವಾಗಲೇ ಕಪಿಲ ಕಲಿತ ಪಾಠ ಅದು.

ಅಮ್ಮ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿ ಅರ್ಧ ಬಿಡಿಸಿದ ಅಗಸೆ ಸೊಪ್ಪು. ಕಣ್ಣು ಮುಚ್ಚಿದ್ದವು. ದೇವರ ನಾಮ ಅನ್ನುತ್ತಿದ್ದಾಳೇನೋ ಅಂದುಕೊಂಡ. ಇಲ್ಲ. ಬಾಯಿ ಸ್ವಲ್ಪ ತೆರೆದಿತ್ತು, ತಲೆ ಒಂದು ಕಡೆ ವಾಲಿತ್ತು. ಅಮ್ಮ ಕೂತಲ್ಲೇ ನಿದ್ದೆ ಹೋಗಿದ್ದಳು.

ಆಗ ಅವನಿಗೆ ಇನ್ನೊಂದು ಕಂಡಿತು. ಪಾಯಸ ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು. ಪಾತ್ರೆಯ ಕೆಳಗೆ ಬೆಂಕಿ ಇರಲಿಲ್ಲ. ಸುಯ್ ಎಂಬ ಸಣ್ಣ ಸಪ್ಪಳ ಮಾತ್ರ ಇತ್ತು. ಆಮೇಲೆ ಆ ವಾಸನೆ.

ಗ್ಯಾಸು!

ಕಪಿಲ ಅಮ್ಮಾ ಎಂದು ಕೂಗಿದ, ಅವಳು ಕದಲಲಿಲ್ಲ. ಒಂದು ಕಾಲು ಎತ್ತಿದವನು ಹೊಸ್ತಿಲ ಮೇಲೆ ಹಾಗೇ ನಿಂತ. ತಾನು ಒಳಗೆ ಹೋದರೆ ಎಲ್ಲ ಮೈಲಿಗೆ. ಅಮ್ಮ ಮತ್ತೆ ತಣ್ಣೀರು ಸುರಿದುಕೊಳ್ಳಬೇಕು. ಮತ್ತೆ ಅನ್ನ, ಮತ್ತೆ ಸಾರು, ಮತ್ತೆ ಪಾಯಸ. ಎಲ್ಲ ಮೊದಲಿನಿಂದ. ತನ್ನಿಂದಲೇ.

ಸುಯ್ ಎನ್ನುತ್ತಲೇ ಇತ್ತು.

ಅವನು ಹೊಸ್ತಿಲು ದಾಟಿದ. ಓಡಿ ಹೋಗಿ ಒಲೆಯ ಗುಂಡಿ ತಿರುಗಿಸಿದ. ಸಪ್ಪಳ ನಿಂತಿತು. ಅಮ್ಮನ ಎರಡೂ ಭುಜ ಹಿಡಿದು ಅಲುಗಾಡಿಸಿದ. ಸೀರೆ ಇನ್ನೂ ತಣ್ಣಗೆ ಒದ್ದೆಯಾಗಿತ್ತು.

"ಅಮ್ಮಾ! ಏಳಽ ಅಮ್ಮಾ!"

ಅಮ್ಮ ಕಣ್ಣು ತೆರೆಯುವ ಮೊದಲೇ ಪಕ್ಕಕ್ಕೆ ಸರಿದಳು. "ಮುಟ್ಟಬ್ಯಾಡೋ, ಮಡಿಯಾಗೀನಿ" ಎಂದು ನಿದ್ದೆಗಣ್ಣಿನಲ್ಲೇ ಬಡಬಡಿಸಿದಳು. ಆಮೇಲೆ ವಾಸನೆ ಮೂಗಿಗೆ ಬಡಿಯಿತು. ಅವಳ ಮುಖ ಬಿಳಿಚಿಕೊಂಡಿತು.

ಅಷ್ಟರಲ್ಲಿ ಅಜ್ಜಿ ಬಾಗಿಲಿಗೆ ಬಂದಿದ್ದಳು. ರಾತ್ರಿಯ ಬಟ್ಟೆಯಲ್ಲೇ ಒಲೆಯ ಮುಂದೆ ಇದ್ದ ಮೊಮ್ಮಗನನ್ನೂ, ಅವನು ಹಿಡಿದುಕೊಂಡಿದ್ದ ಸೊಸೆಯನ್ನೂ ನೋಡಿದಳು. "ಕಪಿಲಾ! ಏನ್ ಮಾಡಿದ್ಯೋ, ಎಲ್ಲಾ ಮೈಲಿ..." ಎಂದವಳ ಮಾತು ಅರ್ಧಕ್ಕೇ ನಿಂತಿತು. ಮೂಗು ಏರಿಸಿದಳು. "ಏನಿದು ವಾಸನಿ? ಫ್ಯಾನರ ಹಚ್ಚು" ಎಂದು ಸ್ವಿಚ್ಚಿಗೆ ಕೈ ಹಾಕಹೋದಳು.

"ಸ್ವಿಚ್ ಮುಟ್ಟಬ್ಯಾಡಽ!" ಎಂದು ಅಪ್ಪ ಹಿಂದಿನಿಂದ ಚೀರಿದ. ಹಾಸಿಗೆಯಿಂದ ಹಾಗೇ ಎದ್ದು ಓಡಿಬಂದಿದ್ದ. ಅಜ್ಜಿಯ ಕೈ ಹಿಡಿದು ಎಳೆದ. ಸಿಲಿಂಡರ್ ಬಂದ್ ಮಾಡಿದ, ಕಿಟಕಿ ತೆರೆದ, ಹಿತ್ತಲ ಬಾಗಿಲು ತೆರೆದ, ಎಲ್ಲರನ್ನೂ ಹೊರಗೆ ನೂಕಿದ.

ಹಿತ್ತಲಲ್ಲಿ ಥಂಡಿ ಗಾಳಿ. ನಾಲ್ಕೂ ಜನ ತುಳಸಿ ಕಟ್ಟೆಯ ಹತ್ತಿರ ನಿಂತರು. ಆ ಸ್ವಿಚ್ಚು ಒತ್ತಿದ್ದರೆ? ಕಪಿಲನಿಗೆ ನೀರಡಿಕೆಯೇ ಆಗದಿದ್ದರೆ? ಅಪ್ಪ ಅವನ ತಲೆಯ ಮೇಲೆ ಕೈ ಇಟ್ಟು ಹತ್ತಿರಕ್ಕೆ ಎಳೆದುಕೊಂಡ.

ಮೊದಲು ಮಾತಾಡಿದವಳು ಅಮ್ಮ.

"ನಂದ ತಪ್ಪಾತು" ಎಂದಳು. ಹಲ್ಲು ಕಟಕಟ ಅನ್ನುತ್ತಿದ್ದವು. "ಒಂದ ನಿಮಿಷ ಕಣ್ಣು ಮುಚ್ಚಿದೆ. ಅತ್ಯಾ, ಇನ್ನೊಮ್ಮೆ ಸ್ನಾನ ಮಾಡಿ ಬರ್ತೀನಿ. ಏಳರೊಳಗ ಎಲ್ಲಾ ಆಗ್ತದ. ಕಪಿಲನ್ನ ಬಯ್ಯಬ್ಯಾಡ್ರಿ."

ಅಪ್ಪ ಅಮ್ಮನನ್ನೇ ನೋಡಿದ. ಮೊದಲ ಸಲ ನೋಡುತ್ತಿರುವವನ ಹಾಗೆ ನೋಡಿದ.

ಅಜ್ಜಿ ತುಳಸಿ ಕಟ್ಟೆಗೆ ಕೈ ಊರಿ ಕೂತಳು. "ಬ್ಯಾಡ" ಎಂದಳು. "ಸ್ನಾನಾನೂ ಬ್ಯಾಡ, ಅಡಿಗೀನೂ ಬ್ಯಾಡ. ಹೊತ್ತಿನೊಳಗ ತೀರ್ಥ ತಗೊಂಡ್ರ ಪಾರಣಿ ಆತು. ಒಂದು ಉದ್ಧರಣಿ ನೀರು, ಒಂದು ತುಳಸಿ ದಳ. ಶಾಸ್ತ್ರದಾಗ ಅದ."

ಉದ್ಧರಣಿ ಅಂದರೆ ದೇವರ ಮುಂದಿರುವ ಆ ಪುಟ್ಟ ಚಮಚ. ಅದರಲ್ಲಿ ಎಷ್ಟು ನೀರು ಹಿಡಿಯುತ್ತದೆಂದು ಕಪಿಲನಿಗೆ ಗೊತ್ತಿತ್ತು. ನಾಲಿಗೆ ತೊಯ್ದರೆ ಹೆಚ್ಚು. ಗ್ಯಾಸಿನ ವಾಸನೆ ಮೂಗಿಗೆ ಬಡಿದಾಗ ಆದದ್ದಕ್ಕಿಂತ ಹೆಚ್ಚಿನ ಆಘಾತ ಈಗ ಆಯಿತು ಅವನಿಗೆ.

"ಅಷ್ಟ? ಅಷ್ಟಕ್ಕ ಪಾರಣಿ ಆಗ್ತದಾ?"

"ಆಗ್ತದ."

"ಹಂಗಾದ್ರ ಅಮ್ಮ ಯಾಕ ಎದ್ಳು?"

ಅಜ್ಜಿ ಸೆರಗು ಸರಿಮಾಡಿಕೊಂಡಳು. ಅಪ್ಪ ಮುಖ ಬೇರೆ ಕಡೆ ತಿರುಗಿಸಿದ.

ಏಳಕ್ಕೆ ಮೊದಲೇ ಕಾಕಾ, ಕಾಕು, ಮಕ್ಕಳು ಹಸಿದುಕೊಂಡು ಬಂದರು. ಅಜ್ಜಿ ಎಲ್ಲರಿಗೂ ತೀರ್ಥ ಕೊಟ್ಟಳು. ಅಪ್ಪ ದೊಡ್ಡ ಬುಟ್ಟಿಯಲ್ಲಿ ತೆಳ್ಳನೆಯ ಅವಲಕ್ಕಿ ಸುರಿದು, ಹಸಿ ಎಣ್ಣೆ, ಖಾರಪುಡಿ, ಮೆಂತ್ಯದ ಹಿಟ್ಟು, ಹೆರೆದ ಕೊಬ್ಬರಿ ಎಲ್ಲ ಹಾಕಿ ಕಲಸಿದ. ಹಚ್ಚಿದ ಅವಲಕ್ಕಿಗೆ ಗ್ಯಾಸು ಬೇಕಿಲ್ಲ. ಉಪ್ಪು ಮಾತ್ರ ಎರಡು ಸಲ ಬಿದ್ದಿತ್ತು.

"ವೈನಿ ಎಲ್ಲೆ?" ಎಂದು ಕಾಕು ಕೇಳಿದಳು.

"ಮಲಗ್ಯಾಳ" ಎಂದಳು ಅಜ್ಜಿ. "ಯಾರೂ ಎಬ್ಬಸಬ್ಯಾಡ್ರಿ."

ಅಮ್ಮ ಎದ್ದಾಗ ಬಿಸಿಲು ಏರಿತ್ತು. "ಅಯ್ಯ, ಆಫೀಸು!" ಎಂದು ಗಾಬರಿಯಲ್ಲಿ ಎದ್ದು, ಹೇಗೋ ತಯಾರಾಗಿ, ಪರ್ಸು ಹೆಗಲಿಗೇರಿಸಿ ಓಡಿದಳು. ಕಟ್ಟೆಯ ಮೇಲೆ ಅಪ್ಪ ಅವಲಕ್ಕಿ ತುಂಬಿಟ್ಟ ಡಬ್ಬಿಗಳಿದ್ದವು. ಒಂದು ಕಪಿಲನದು, ಇನ್ನೊಂದು ಅಪ್ಪನದು.

ಕಪಿಲ ತನ್ನ ಡಬ್ಬಿ ಎತ್ತಿಕೊಂಡವನು ನಿಂತ. ಕಟ್ಟೆಯನ್ನು ಮತ್ತೊಮ್ಮೆ ನೋಡಿದ. ದಿನಾ ಬೆಳಿಗ್ಗೆ ಇಲ್ಲಿ ಎರಡೇ ಡಬ್ಬಿ ಇರುತ್ತಿದ್ದವು. ಮೂರನೆಯದನ್ನು ಅವನು ಎಂದೂ ಕಂಡಿರಲಿಲ್ಲ. ಇಲ್ಲವಲ್ಲ ಎಂದು ಎಂದೂ ಅನಿಸಿರಲೂ ಇಲ್ಲ.

ಸಾಲಿಯಲ್ಲಿ ಉಜ್ಮಾ ಬಗ್ಗಿ ನೋಡಿದಳು. "ಇವತ್ತೇನೈತಿ? ಮತ್ತ ಕಣಕ ತಂದೀ ಏನು?"

"ಅವಲಕ್ಕಿ. ಅಪ್ಪ ಮಾಡ್ಯಾರ" ಎಂದ ಕಪಿಲ. ಬಾಯಿಗಿಟ್ಟರೆ ಉಪ್ಪೋ ಉಪ್ಪು. ಅವನು ಒಂದು ಅಗುಳೂ ಬಿಡದೆ ತಿಂದ. ಉಜ್ಮಾ ಅವನನ್ನು ಆಶ್ಚರ್ಯದಿಂದ ನೋಡಿ ತನ್ನ ನೀರಿನ ಬಾಟಲಿ ಕೊಟ್ಟಳು.

ಸಂಜೆ ಅಪ್ಪ ಲೈಬ್ರರಿಯಿಂದ ಬೇಗ ಬಂದ. ಫೋನ್ ಮಾಡಿರಲಿಲ್ಲ. ಅಡುಗೆಮನೆ ಹೊಕ್ಕು ಕುಕ್ಕರಿನ ಜೊತೆ ಗುದ್ದಾಡುತ್ತಿದ್ದ. ಅಜ್ಜಿ ಹೊರಗೆ ಬತ್ತಿ ಹೊಸೆಯುತ್ತ ಕೂತಿದ್ದಳು.

ಅಂಗಳದಲ್ಲಿ ಚಪ್ಪಲಿಯ ಸಪ್ಪಳವಾಯಿತು. ಕಪಿಲನ ಬಾಯಿ ತಾನಾಗಿಯೇ ತೆರೆಯಿತು. "ಅಮ್ಮಾ, ಇವತ್ತೇನ..."

ಅಲ್ಲೇ ನಿಂತ.

ಅಮ್ಮ ಒಂದು ಚಪ್ಪಲಿ ಬಿಟ್ಟಿದ್ದಳು. ಅವಳ ಕಣ್ಣು ಆಗಲೇ ಅಡುಗೆಮನೆಯ ಕಡೆ ಹೋಗಿದ್ದವು. "ಬಂದೆ, ಬಂದೆ, ಈಗ ಮಾಡ್ತೀನಿ" ಎನ್ನುತ್ತಿದ್ದಳು, ಯಾರೂ ಕೇಳದಿದ್ದರೂ.

"ಅಮ್ಮಾ" ಎಂದ ಕಪಿಲ. "ಮಧ್ಯಾಹ್ನ ನೀ ಏನ ತಿಂದಿ?"

ಇನ್ನೊಂದು ಚಪ್ಪಲಿ ಅಮ್ಮನ ಕಾಲಲ್ಲೇ ಉಳಿಯಿತು. ಅವಳು ಬೆಚ್ಚಿದವಳಂತೆ ಅವನನ್ನು ನೋಡಿದಳು. ಏನೋ ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ಅಜ್ಜಿಯ ಕಡೆ ನೋಡಿದಳು.

"ನಾನಾ?"

ಅಜ್ಜಿಯ ಬೆರಳಲ್ಲಿ ಬತ್ತಿ ನಿಂತಿತು.

ಅಮ್ಮ ಯೋಚಿಸಿದಳು. ಬಹಳ ಹೊತ್ತು ಯೋಚಿಸಬೇಕಾಯಿತು. "ಚಹಾ ಕುಡಿದೆ, ಅನಸ್ತದ" ಎಂದಳು.

ಒಳಗೆ ಕುಕ್ಕರ್ ಜೋರಾಗಿ ಕೂಗಿತು. "ಪರಿಮಳಾ, ಅನ್ನಕ್ಕ ಎಷ್ಟು ಸೀಟಿ ಹೊಡಸಬೇಕು?" ಎಂದು ಅಪ್ಪ ಗಾಬರಿಯಿಂದ ಕೇಳಿದ. ಅಮ್ಮನಿಗೆ ಅದು ಕೇಳಿಸಿದಂತೆಯೇ ಕಾಣಲಿಲ್ಲ.

ಕಪಿಲ ಅವಳ ಹೆಗಲಿನಿಂದ ಪರ್ಸು ಇಳಿಸಿ ಗೂಟಕ್ಕೆ ಹಾಕಿದ. ಆಮೇಲೆ ಅಡುಗೆಮನೆಗೆ ಹೋಗಿ, ಸ್ಟೂಲು ಎಳೆದು ಹತ್ತಿ, ಮೇಲಿನ ಹಲಗೆಯ ಪಾತ್ರೆಗಳ ನಡುವೆ ಕೈ ಹಾಕಿದ. ಮುಚ್ಚಳ ಸರಿಯಾಗಿ ಕೂಡುವಂಥ ಮೂರನೆಯ ಡಬ್ಬಿಯೊಂದನ್ನು ಹುಡುಕತೊಡಗಿದ.